ಗಬ್ಬದ ಹಸುವಿಗೆ ಸೂಜಿ ಹಾಕಿಸಬಾರದು

ಹಿತ್ತಲಿನ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಕಿವುಚಿ ದೇವರ ಸಾಮಾನು ಬೆಳಗುತ್ತಿದ್ದೆ. ಮರುದಿನ ಶ್ರಾವಣ ಶುಕ್ರವಾರ. ದೀಪದ ಕಂಬಗಳು ಆಗಿದ್ದವು, ಗಂಟೆ ಆಗಿತ್ತು, ಕಳಸದ ಚೊಂಬು ಕೈಯಲ್ಲಿತ್ತು. ತೊಟ್ಟಿಯ ಕಟ್ಟೆ ಮೇಲಿದ್ದ ಫೋನು ಹೊಡೆದುಕೊಂಡಿತು. ನೋಡಿದರೆ ಮೈದುನ. ಕೈ ತೊಳೆಯಲು ಹೋಗದೆ ಹುಳಿ ಕೈಯಲ್ಲೇ ಎತ್ತಿಕೊಂಡೆ.

"ಅತ್ತಿಗೆ," ಅಂದ. ಹಿಂದಿನಿಂದ ಗಾಲಿ ಮಂಚ ತಳ್ಳಿಕೊಂಡು ಹೋಗುವ ಸದ್ದು ಬಂತು.

"ಯೋಳಪ್ಪ," ಅಂದೆ.

"ಮಗು ಆಯ್ತು. ಎಣ್ಣು. ಉಳೀಲಿಲ್ಲ."

"ಅವಳು?"

"ಅವಳಿಗೆ ಉಸಿರು ಸಾಲ್ತಿಲ್ಲ ಅತ್ತಿಗೆ. ಮಾಸ್ಕ್ ಆಕವ್ರೆ. ಈಗ್ಲೇ ಏನೂ ಯೋಳಾಕಾಗಲ್ಲ ಅಂತಾರೆ. ಎಂಗಸ್ರು ಯಾರಾದ್ರೂ ಇರ್ಬೇಕಂತೆ. ನೀವು ಬನ್ನಿ."

ಅವಳು ಅಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಏಳು ತಿಂಗಳ ಬಸುರಿ. ಹಿಂದಿನ ದಿನವಷ್ಟೇ ಜ್ವರ, ಏದುಸಿರು ಅಂತ ಕೋಲಾರದ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ನಿಂತ ಬಸುರು ಅದು.

ಅತ್ತೆ ಕೊಟ್ಟಿಗೆಯಲ್ಲಿ ಹಸುಗಳಿಗೆ ಬೂಸಾ ಕಲೆಸುತ್ತಿದ್ದರು. ಹೋಗಿ ಹೇಳಿದೆ. ಅವರು ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. ಬೂಸಾ ನೀರಿನಲ್ಲಿ ಕೈ ಹಾಗೇ ಬಿಟ್ಟುಕೊಂಡು ನಿಂತರು. "ಅವಳಾದ್ರೂ ಉಳೀಲಿ, ತಾಯಿ ಗಂಗಮ್ಮ," ಅಂದರು.

ಸೂತಕ ಅಂಟಿತಲ್ಲ, ಇನ್ನು ದೇವರ ಸಾಮಾನು ಮುಟ್ಟುವ ಹಾಗಿಲ್ಲ. ಪಕ್ಕದ ಮನೆಯವಳನ್ನು ಕರೆದು ತೊಳೆದಿಡು ಅಂದೆ. ಸೀರೆ ಬದಲಿಸಿ ರಸ್ತೆಗೆ ಬಂದರೆ ಕ್ಯಾಸಂಬಳ್ಳಿ ಕಡೆಯಿಂದ ಬರುವ ಬಸ್ಸು ಆಗಲೇ ತಿರುವಿನಲ್ಲಿತ್ತು. ಕೈ ಒಡ್ಡುವ ಮುಂಚೆಯೇ ನಿಲ್ಲಿಸಿದ. ಅಂಥ ಹೊತ್ತಿನಲ್ಲಿ ಕಾಯಿಸಲಿಲ್ಲ, ಅಷ್ಟು ಮಟ್ಟಿಗೆ ದೇವರು ದೊಡ್ಡವನು. ಬಂಗಾರಪೇಟೆಯಲ್ಲಿ ಬಸ್ಸು ಬದಲಿಸಿ ಕೋಲಾರ ಸೇರುವ ತನಕ ಕಿಟಕಿಗೆ ತಲೆ ಒರಗಿಸಿಕೊಂಡು ಒಂದೇ ಬೇಡಿಕೊಂಡೆ. ಮಗುವನ್ನು ಕೇಳಲಿಲ್ಲ. ಅದು ಹೋಗಿಯಾಗಿತ್ತು. ಅವಳನ್ನು ಬಿಡು ಅಂತ ಕೇಳಿದೆ.

ಇದು ಹೇಗಾಯಿತು ಅಂತ ಹೇಳಬೇಕಾದರೆ ಆ ವರ್ಷದ ಬೇಸಿಗೆಯಿಂದ ಹೇಳಬೇಕು.

ವಾರಗಿತ್ತಿ ಆಂಧ್ರದ ಗಡಿ ಕಡೆಯ ಹಳ್ಳಿಯ ಹುಡುಗಿ. ತವರಿನಲ್ಲಿ ತೆಲುಗು, ನಮ್ಮಲ್ಲಿಗೆ ಬಂದ ಮೇಲೆ ಕನ್ನಡ. ನಗುವಾಗ, ಭಯವಾದಾಗ ತೆಲುಗೇ ಬರುತ್ತಿತ್ತು. ನಮ್ಮದು ನಾಕು ಸೀಮೆಹಸು, ಒಂದಿಷ್ಟು ರಾಗಿ, ಟೊಮೇಟೊ. ಮೈದುನ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಕೆಲಸ ನಾವು ಹೆಂಗಸರದೇ. ಅತ್ತೆ ಹಾಲು ಕರೆಯುವುದು, ನಾನು ಕೊಟ್ಟಿಗೆ, ಅವಳು ಕ್ಯಾನು ಹೊತ್ತು ಡೈರಿಗೆ. ಬಸುರಿ ಅಂತ ಗೊತ್ತಾದ ದಿನದಿಂದ ಅತ್ತೆ ಅವಳಿಗೆ ಕ್ಯಾನು ಮುಟ್ಟಲು ಬಿಡಲಿಲ್ಲ. ಸೊಸೆಯರ ಮೇಲೆ ಕೂಗಾಡುವ ಅತ್ತೆ ಅಲ್ಲ ಅವರು. ಅವಳಿಗೆ ಹುಳಿ ಬೇಕು ಅನಿಸಿದರೆ ತಾವೇ ಹೋಗಿ ಮಾವಿನಕಾಯಿ ಕಿತ್ತು ತರುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ದನದ ಡಾಕ್ಟ್ರು ಊರಿಗೆ ಬಂದರು. ನಮ್ಮ ಮನೆ ಮುಂದೆ ಮೂರು ಹಸುವಿಗೆ ಹಾಕಿದರು. ನಾಲ್ಕನೆಯದರ ಹೊಟ್ಟೆ ನೋಡಿ, "ಇದೆಷ್ಟು ತಿಂಗಳು?" ಅಂದರು.

"ಆರು ತುಂಬೈತೆ ಸ್ವಾಮಿ," ಅಂದರು ಅತ್ತೆ.

"ಹಾಗಾದ್ರೆ ಬಿಡಿ. ಈದ ಮೇಲೆ ಹಾಕೋಣ."

ಇದು ಹೊಸ ಮಾತೇನಲ್ಲ. ನಮ್ಮ ಕಡೆ ಹಸು ಕಟ್ಟಿದವರೆಲ್ಲ ಬಲ್ಲ ಮಾತು. ಗಬ್ಬದ ಹಸುವಿಗೆ ಸೂಜಿ ಹಾಕಿಸಬಾರದು. ಎದುರು ಬೀದಿಯವರ ತುಂಬು ಗಬ್ಬದ ಹಸು ಹಿಂದೊಮ್ಮೆ ಲಸಿಕೆ ಹಾಕಿಸಿಕೊಂಡು, ಅದಾದ ಸ್ವಲ್ಪ ದಿನಕ್ಕೆ ಕಂದು ಹಾಕಿತ್ತು. ಕರು ಕಣ್ಣು ಬಿಟ್ಟಿರಲಿಲ್ಲ. ಊರೆಲ್ಲ ಹೋಗಿ ನೋಡಿಕೊಂಡು ಬಂದಿತ್ತು. ಲಸಿಕೆ ಹಾಕಿಸಿದ ಹಸು ಮೂರು ದಿನ ಹಾಲು ಕಮ್ಮಿ ಕೊಡುತ್ತದೆ ಅನ್ನುವುದನ್ನೂ ಡೈರಿಯ ಅಳತೆಯಲ್ಲಿ ಎಲ್ಲರೂ ಕಣ್ಣಾರೆ ಕಂಡವರೇ.

ಅದೇ ವಾರ ವಾರಗಿತ್ತಿಯನ್ನು ತೋರಿಸಲು ಕೆಜಿಎಫ್‌ಗೆ ಹೋದೆವು. ಅವಳು, ಅತ್ತೆ, ನಾನು. ಕೋರಮಂಡಲ್‌ಗೆ ಹೋಗುವ ರಸ್ತೆಯಲ್ಲಿ ಒಬ್ಬರು ವಯಸ್ಸಾದ ಲೇಡಿ ಡಾಕ್ಟ್ರು ಇದ್ದರು. ತಮಿಳು, ತೆಲುಗು, ಕನ್ನಡ, ಎದುರಿಗೆ ಕೂತವರದು ಯಾವುದೋ ಅದರಲ್ಲಿ ಮಾತಾಡುವವರು. ಬೆಂಚಿನ ಮೇಲೆ ನಮ್ಮ ಪಕ್ಕ ಗಣಿಯಲ್ಲಿ ದುಡಿದಿದ್ದ ಒಬ್ಬ ತಮಿಳು ತಾತ ಕೂತಿದ್ದ. ಕೆಮ್ಮಿದರೆ ಎದೆಯೊಳಗೆ ಜಲ್ಲಿ ಅಲ್ಲಾಡಿದ ಹಾಗೆ ಸದ್ದು. ತೋಳು ಮಡಿಚಿ ಹತ್ತಿ ಒತ್ತಿ ಹಿಡಿದುಕೊಂಡಿದ್ದ.

"ಏನು ತಾತ, ಸೂಜಿನಾ?" ಅಂದಳು ವಾರಗಿತ್ತಿ.

"ಆಮಾ ಕಣ್ಣು, ಹೌದಮ್ಮ. ವರ್ಷಕ್ಕೊಂದು. ಎದೆ ತುಂಬ ಮೈನ್ಸ್ ಧೂಳಲ್ಲ, ನೆಗಡಿ ಬಂದ್ರೆ ನಾನು ಕಾಲಿ. ಭೂಮಿ ಒಳಗೆ ಇಳಿಯಾಕೇ ಭಯ ಪಡ್ಲಿಲ್ಲ, ಈ ಸೊಳ್ಳೆ ಕಡಿತಕ್ಕೆ ಪಡ್ತೀನಾ?"

ಒಳಗೆ ಡಾಕ್ಟ್ರು ಅವಳ ಹೊಟ್ಟೆ ನೋಡಿದರು, ರಕ್ತ ಒತ್ತಡ ನೋಡಿದರು, ಎಲ್ಲ ಚೆನ್ನಾಗಿದೆ ಅಂದರು. ಆಮೇಲೆ, "ಮಳೆ ಶುರುವಾಗೋ ಮುಂಚೆ ಫ್ಲೂ ಇಂಜೆಕ್ಷನ್ ಹಾಕಿಸ್ಕೊಂಡುಬಿಡಮ್ಮ," ಅಂದರು.

ಅತ್ತೆ ಕುರ್ಚಿಯ ಅಂಚಿಗೆ ಬಂದರು. "ಯಾಕ್ ಮೇಡಮ್ಮ? ಅವಳಿಗೆ ಜ್ವರ ಇಲ್ವಲ್ಲ."

"ಬರಬಾರದು ಅಂತಲೇ ಅಜ್ಜಿ. ನಿಮಗೆ ನನಗೆ ಬಂದ್ರೆ ಮಲಗಿ ಎದ್ದು ಓಡಾಡ್ತೀವಿ. ಬಸುರಿಗೆ ಬಂದ್ರೆ ಬೇಗ ಎದೆಗೆ ಇಳಿಯುತ್ತೆ. ಇವಳಿಗೆ ಹಾಕಿದ್ರೆ ಹೊಟ್ಟೇಲಿರೋ ಪಾಪಂಗೂ ಅದರ ಬಲ ಹೋಗುತ್ತೆ. ಹುಟ್ಟಿದ ಮೇಲೆ ಆರು ತಿಂಗಳು ತುಂಬೋ ತನಕ ಪಾಪಂಗೆ ನಾವು ಹಾಕೋ ಹಾಗಿಲ್ಲ, ತಾಯಿ ಕೊಟ್ಟಿದ್ದೇ ಅದಕ್ಕೆ." ನಂತರ ಅತ್ತೆಯನ್ನೇ ನೋಡಿ, "ಅಲ್ಲ, ನೀವೂ ಹಾಕಿಸ್ಕೋಬೇಕು. ನಿಮಗೆ ಸಕ್ಕರೆ ಇದೆ, ವಯಸ್ಸಾಗಿದೆ. ಇವಳಿಗೋಸ್ಕರ ಮಾತ್ರ ಅಲ್ಲ, ನಿಮಗೇ ಬೇಕಾಗಿರೋದು," ಅಂದರು.

"ನಂದು ಬುಡಿ. ಬಸುರೀಗೆ ಸೂಜಿ ಅಂದ್ರೆ, ಕಂದಾಕ್ಬುಟ್ರೆ?"

"ಯಾರು ಹೇಳಿದ್ದು?"

"ದನದ ಡಾಕ್ಟ್ರೇ ಮುಟ್ಟಲಿಲ್ಲ ಮೇಡಮ್ಮ, ಮೊನ್ನೆ. ಗಬ್ಬದ ಅಸ ಅಂದ ತಕ್ಷಣ ಸಿರಿಂಜ್ ಒಳಗಿಟ್ಟ. ಆಲೂ ಇಂಗೋಯ್ತದೆ. ನಾವ್ ನೋಡಿದೀವಿ."

ಡಾಕ್ಟ್ರು ನಕ್ಕರು. "ಇವಳು ಹಸು ಅಲ್ಲ ಅಜ್ಜಿ."

"ಅಸಾನೂ ತಾಯೇ ಅಲ್ವಾ?" ಅಂದರು ಅತ್ತೆ. ವಾದಕ್ಕೆ ಹೇಳಿದ ಮಾತಲ್ಲ. ನಲವತ್ತು ವರ್ಷ ಹಸುಗಳ ಬಾಣಂತನ ಮಾಡಿದ ಕೈ ಅವರದು. ಅವರಿಗೆ ಗೊತ್ತಿದ್ದ ವೈದ್ಯ ಅದೇ.

ಡಾಕ್ಟ್ರು ಬಲವಂತ ಮಾಡಲಿಲ್ಲ. ಬಸುರಿಯರಿಗೆ ಇದನ್ನು ಹಾಕುತ್ತ ಬಂದಿದ್ದೇವೆ, ಭಯವಿಲ್ಲ, ತೋಳು ಒಂದು ದಿನ ನೋಯುತ್ತೆ ಅಷ್ಟೇ, ಯೋಚನೆ ಮಾಡಿ ಬನ್ನಿ ಅಂದರು. ಬಸುರಿಯರು, ಮುದುಕರು, ಸಕ್ಕರೆ, ದಮ್ಮು, ಹೃದಯದ ಕಾಯಿಲೆ ಇರೋರು, ಪುಟ್ಟ ಮಕ್ಕಳು, ಇಂಥವರ ಜೊತೆ ಒಂದೇ ಮನೇಲಿ ಇರೋರು, ಎಲ್ಲರೂ ಹಾಕಿಸಿಕೊಳ್ಳೋದು ಒಳ್ಳೇದು ಅಂದರು. ಈ ಜ್ವರದ ಹುಳ ವರ್ಷಾ ವರ್ಷ ವೇಷ ಬದಲಿಸುತ್ತೆ, ಅದಕ್ಕೇ ವರ್ಷಾ ವರ್ಷ ಹೊಸದು ಅಂದರು.

ಬಸ್ಸಿನಲ್ಲಿ ವಾರಗಿತ್ತಿ ನನ್ನ ಕಿವಿಯ ಹತ್ತಿರ ಬಾಗಿ, "ಅಕ್ಕ, ಸೂಜಿ ಆಕಿದ್ಮೇಲೆ ನಂಗೂ ಕಿವಿಗೆ ಅಳದಿ ಬಿಲ್ಲೆ ಒಡೀತಾರಾ?" ಅಂದಳು. ಲಸಿಕೆ ಹಾಕಿದ ಹಸುಗಳ ಕಿವಿಗೆ ನಂಬರಿನ ಬಿಲ್ಲೆ ಚುಚ್ಚಿರುತ್ತಾರಲ್ಲ, ಅದನ್ನು ಹೇಳಿದ್ದು. ನಾವಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

"ಓಲೆಗಿಂತ ಅದೇ ನಿಂಗೆ ಒಪ್ತದೆ," ಅಂದೆ.

"ನಗ್ರಮ್ಮ, ನಗ್ರಿ," ಅಂದರು ಮುಂದಿನ ಸೀಟಿನಿಂದ ಅತ್ತೆ.

ಮನೆಗೆ ಬಂದ ಮೇಲೆ ಮೈದುನ ಕೇಳಿದ, ಏನು ಮಾಡಾನ ಅಂತ. ಅವಳೇ, "ಬ್ಯಾಡ ಬುಡಿ. ಇಷ್ಟ್ ವರ್ಷಕ್ಕೆ ನಿಂತೈತೆ. ನಂಗೂ ಭಯ," ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಶ್ರಾವಣ ಹುಟ್ಟುವ ಹೊತ್ತಿಗೆ ಮಳೆ ಹಿಡಿದಿತ್ತು. ಕಾರ್ಖಾನೆಯ ಬಸ್ಸಿನಲ್ಲಿ ಎಲ್ಲರಿಗೂ ಕೆಮ್ಮು ಅಂತ ಹೇಳಿಕೊಂಡು ಮೈದುನ ಜ್ವರ ತಂದ. ಮೈಕೈ ನೋವು ಅಂತ ಮಲಗಿದ, ಎದ್ದ, ಕೆಲಸಕ್ಕೂ ಹೋದ. ಅವನು ಎದ್ದಾಗ ಅವಳು ಮಲಗಿದಳು. ಮೆಣಸಿನ ಕಷಾಯ ಮಾಡಿಕೊಟ್ಟೆ, ತುಳಸಿ ಹಾಕಿ ಹಬೆ ಕೊಟ್ಟೆ. ಮೊದಲ ದಿನ, "ನಿಮ್ ಕಷಾಯಕ್ಕೆ ಪಾಪ ಒಳಗೆ ಒದೀತದೆ ಅಕ್ಕ," ಅಂತ ತಮಾಷೆ ಮಾಡಿದಳು. ಮಾರನೇ ದಿನ ತಮಾಷೆ ನಿಂತಿತು. ಅದರ ಮಾರನೇ ಬೆಳಗ್ಗೆ ಬಚ್ಚಲಿಗೆ ಹೋಗಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಒಂದು ಮಾತಿಗೆ ಎರಡು ಉಸಿರು ಎಳೆಯುತ್ತಿದ್ದಳು. ತುಟಿಯ ಬಣ್ಣ ನೋಡಿ ನನ್ನ ಮನೆಯವರು ಗಾಡಿ ತರಲು ಓಡಿದರು. ಆ ಬೆಳಗ್ಗೆ ಊರಿನಲ್ಲಿ ಒಂದು ಕಾರು ಇತ್ತು, ಓಡಿಸುವವನೂ ಇದ್ದ. ಅದನ್ನು ನಾನು ಮರೆಯುವುದಿಲ್ಲ.

ಆಸ್ಪತ್ರೆಯಲ್ಲಿ ನನಗೆ ಮೊದಲು ಕಂಡಿದ್ದು ಮಗು. ಸಿಸ್ಟರ್ ಒಬ್ಬರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ತಲೆಗೆ ಒಂದು ಪುಟ್ಟ ಟೋಪಿಯನ್ನೂ ಹಾಕಿ ಮೈದುನನ ಕೈಗೆ ಕೊಟ್ಟಿದ್ದರು. ಇಲ್ಲದ ಮಗುವಿಗೆ ಚಳಿ ಏನು, ಆದರೂ ಹಾಕಿದ್ದರು. ಆ ಸಿಸ್ಟರ್ ಮನೆ ತಣ್ಣಗಿರಲಿ. ಬಟ್ಟೆ ಸರಿಸಿ ನೋಡಿದೆ. ಬೆರಳುಗಳಿಗೆ ಉಗುರು ಬಂದಿದ್ದವು. ಅಣ್ಣ ತಮ್ಮ ಇಬ್ಬರೂ ಅದನ್ನು ಊರಿಗೆ ತೆಗೆದುಕೊಂಡು ಹೋದರು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹಿಂದಿನ ರಾತ್ರಿ ಸುರಿದ ಮಳೆಗೆ ನೆಲ ಮೆತ್ತಗಿತ್ತಂತೆ, ಅಗೆಯಲು ಕಷ್ಟವಾಗಲಿಲ್ಲವಂತೆ.

ನಾನು ವಾರ್ಡಿನಲ್ಲಿ ಉಳಿದೆ. ಅವಳ ಮುಖದ ಅರ್ಧ ಮಾಸ್ಕಿನೊಳಗಿತ್ತು. ಮಂಪರಿನಲ್ಲಿ ಕಣ್ಣು ಬಿಡುವಳು, ಮುಚ್ಚುವಳು. ಮೂಗಿನಿಂದ ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲಿ ಫ್ಲೂ ಅಂತ ಬಂದಿತ್ತು. ಅಲ್ಲಿಯ ಡಾಕ್ಟ್ರು ಹುಡುಗ ವಯಸ್ಸಿನವರು. ಹೊರಗೆ ಕರೆದು, "ಬಸುರೀಲಿ ಇದರ ಇಂಜೆಕ್ಷನ್ ಕೊಟ್ಟಿದ್ರಾ?" ಅಂದರು.

"ಇಲ್ಲ ಸಾರ್."

ಅವರು ಬಯ್ಯಲಿಲ್ಲ. ನಾನೇ ಕೇಳಿದೆ, "ಆಕ್ಸಿದ್ರೆ ಬರ್ತಿರಲಿಲ್ವಾ?"

"ಬರ್ತಾನೇ ಇರಲಿಲ್ಲ ಅಂತ ಹೇಳೋಕಾಗಲ್ಲಮ್ಮ. ಬಂದಿದ್ರೂ ಇಷ್ಟು ಆಗ್ತಿರಲಿಲ್ಲವೇನೋ."

ಆ 'ಏನೋ' ಅನ್ನುವುದನ್ನು ಅವರು ಮೆಲ್ಲಗೆ ಹೇಳಿದರು. ಅವರು ಖಚಿತವಾಗಿ ಒಂದು ಹೇಳಿಬಿಟ್ಟಿದ್ದರೆ ಅತ್ತು ಮುಗಿಸಬಹುದಿತ್ತು.

ಉಸಿರು ಸ್ವಲ್ಪ ನೆಲೆ ನಿಲ್ಲುವ ತನಕ ಮಗುವಿನ ವಿಷಯ ಎತ್ತಬೇಡಿ ಅಂದಿದ್ದರು. ಎಚ್ಚರವಾದಾಗಲೆಲ್ಲ ಅವಳು, "ಬಿಡ್ಡ ಏದಕ್ಕಾ?" ಅನ್ನುವಳು. ಮಗು ಎಲ್ಲಿ ಅಂತ. ಕನ್ನಡವೆಲ್ಲ ಜ್ವರದಲ್ಲಿ ಬಿಟ್ಟುಹೋಗಿತ್ತು. ನಾನು ಹೊದಿಕೆ ಸರಿಮಾಡುವೆ, ತುಟಿಗೆ ಒದ್ದೆ ಹತ್ತಿ ಸವರುವೆ. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ, ನಿಜಕ್ಕೆ ಅಪ್ಪಣೆ ಇರಲಿಲ್ಲ. ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತು ವೆಂಕಟರಮಣನ ಹೆಸರು ಹೇಳಿಕೊಳ್ಳುತ್ತಿದ್ದೆ. ಸೂತಕದಲ್ಲಿ ಹೂವು ಹಣ್ಣು ಬೇಡ ಅಂದಾರು, ಹೆಸರು ಬೇಡ ಅಂತ ಯಾರೂ ಹೇಳಿಲ್ಲ.

ಅವನು ಕೇಳಿಸಿಕೊಂಡ. ಗಾಳಿಯ ಅಳತೆ ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದರು. ಒಂದು ಬೆಳಗ್ಗೆ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ಕೊಳವೆ ಹಾಕಿದರು. ಅವಳು ಗಂಜಿ ಕುಡಿದಳು. ಇನ್ನು ಪರವಾಗಿಲ್ಲ ಅಂತ ಡಾಕ್ಟ್ರು ಅಂದಾಗ ನಾನು ಗೋಡೆಯ ಕಡೆ ತಿರುಗಿ ಕೈ ಮುಗಿದೆ.

ಅದೇ ದಿನ ಅವಳ ರವಿಕೆ ಎರಡೂ ಕಡೆ ಒದ್ದೆಯಾಯಿತು.

"ಅಕ್ಕ," ಅಂದಳು. ಕನ್ನಡ ಮರಳಿತ್ತು. "ಆಲು ಬಂದೈತೆ."

ನಾನು ಟವೆಲ್ಲು ಮಡಿಸುತ್ತಿದ್ದೆ.

"ಕೊಡು ಅಂತ ಯಾರೂ ಬತ್ತಿಲ್ವಲ್ಲ. ಪಕ್ಕದ ಮಂಚದೋಳಿಗೆ ಗಂಟೆಗೊಂದ್ಸಲ ಕರೀತಾರೆ."

ನಾನು ಟವೆಲ್ಲು ಬಿಚ್ಚಿ ಮತ್ತೆ ಮಡಿಸಿದೆ.

"ಇಲ್ವಾ?"

"ಇಲ್ಲಮ್ಮ."

"ಯಾವಾಗ?"

"ಅವತ್ತೇ."

"ಏನ್ ಮಗು?"

"ಎಣ್ಣು. ನಿನ್ ಮೂಗು."

ಅವಳು ಕಿರುಚಲಿಲ್ಲ. ಕಿರುಚುವಷ್ಟು ಉಸಿರು ಇರಲಿಲ್ಲ. ನನ್ನ ಕೈಯಿಂದ ಟವೆಲ್ಲು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಆ ಕಡೆ ತಿರುಗಿ ಮಲಗಿದಳು. ಅವಳ ಬೆನ್ನು ಸವರುತ್ತ ಎಷ್ಟು ಹೊತ್ತು ನಿಂತಿದ್ದೆನೋ.

ಸಂಜೆಗೆ ಎದೆ ಕಲ್ಲಾಗಿ ನೋಯತೊಡಗಿತು. ಸಿಸ್ಟರ್ ನೋವಿಗೆ ಮಾತ್ರೆ ಕೊಟ್ಟರು, ಬಿಗಿಯಾಗಿ ಕಟ್ಟಿ ಅಂದರು. ನಾನು ಅತ್ತೆಗೆ ಫೋನು ಮಾಡಿದೆ. ಮಾರನೇ ಬೆಳಗ್ಗೆ ಮೊದಲ ಬಸ್ಸಿಗೇ ಬಂದರು. ಬಂಗಾರಪೇಟೆಯಲ್ಲಿ ಇಳಿದು ಮಾರುಕಟ್ಟೆಗೆ ಹೋಗಿ ಬಾಳೆಎಲೆಯಲ್ಲಿ ಸುತ್ತಿಸಿಕೊಂಡು ಮಲ್ಲಿಗೆ ತಂದಿದ್ದರು. ಮಗು ಉಳಿಯದ ಬಾಣಂತಿಗೆ ಹಾಲು ಬತ್ತಲಿ ಅಂತ ಎದೆಗೆ ಮಲ್ಲಿಗೆ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಇದೆ. ಶ್ರಾವಣದಲ್ಲಿ ಆ ಹೂವು ಮನೆಗೆ ಬಂದರೆ ನೇರ ದೇವರ ಪಟಕ್ಕೆ ಹೋಗಬೇಕು.

ಪರದೆ ಎಳೆದು ಅತ್ತೆ ಮಂಚದ ಅಂಚಿಗೆ ಕೂತರು. ಹಸುವಿನ ಕೆಚ್ಚಲು ತೊಳೆದು ಒರಟಾದ ಕೈ. ಹೂವು ಹರವಿ, ಹಳೇ ಸೀರೆಯ ತುಂಡು ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿದರು. "ಬಿಗಿಯಾಯ್ತಾ?" ಅಂದರು. ಅವಳು ಇಲ್ಲ ಅಂತ ತಲೆಯಾಡಿಸಿದಳು. "ಇಂಗಲಿ ತಾಯಿ, ಇಂಗೋಗಲಿ," ಅಂದರು ಅತ್ತೆ. ಸೂಜಿ ಹಾಕಿದರೆ ಹಾಲು ಇಂಗುತ್ತದೆ ಅಂತ ಹೆದರಿದ್ದ ಬಾಯಿ ಅದು. ಆ ಮಾತು ಬಾಯಿಂದ ಹೊರಟ ಮೇಲೆ ಅವರಿಗೇ ಕೇಳಿಸಿತೋ ಏನೋ, ಎದ್ದು ಹೊರಗೆ ಹೋದರು. ವಾರ್ಡೆಲ್ಲ ಘಮ ಅಂದಿತು. ಪಕ್ಕದ ಮಂಚದವಳು, "ಏನು ವಿಶೇಷ?" ಅಂತ ಪರದೆಯಾಚೆಯಿಂದ ಕೇಳಿದಳು. ನಾನು ಏನಿಲ್ಲ ಅಂದೆ.

ಅವಳು ಮನೆಗೆ ಬಂದಳು. ನಡೆದುಕೊಂಡೇ ಹೊಸಿಲು ದಾಟಿದಳು. ಎಷ್ಟು ಜನಕ್ಕೆ ಅದೂ ಇರುವುದಿಲ್ಲ ಅಂತ ನಾನು ನನಗೇ ಹೇಳಿಕೊಂಡೆ, ಅವಳಿಗೆ ಹೇಳಲಿಲ್ಲ. ತಾಯಿ ಉಳಿದಳಲ್ಲ ಅಂತ ನೋಡಲು ಬಂದವರೆಲ್ಲ ಅವಳ ಮುಂದೆಯೇ ಅಂದರು. ಅದು ನಿಜವೇ, ಆದರೆ ಅವಳಿಗೆ ಕೇಳಿಸುವ ಹಾಗೆ ಅನ್ನುವ ಮಾತಲ್ಲ.

ಆ ವರ್ಷವಿಡೀ ಅತ್ತೆ ಮಾತು ಕಮ್ಮಿ ಮಾಡಿದರು. ನಮ್ಮ ಗಬ್ಬದ ಹಸು ಹೆಣ್ಣುಗರು ಹಾಕಿತು. ಡೈರಿಗೆ ಹಾಲು ಹಾಕುವವರಿಗೆ ಹೆಣ್ಣುಗರು ಅಂದರೆ ಹಬ್ಬ. ಅತ್ತೆ ಗಿಣ್ಣು ಮಾಡಲಿಲ್ಲ, ಯಾರಿಗೂ ಹಂಚಲಿಲ್ಲ. ಗಿಣ್ಣುಹಾಲನ್ನೆಲ್ಲ ಕರುವಿಗೇ ಬಿಟ್ಟರು. ವಾರಗಿತ್ತಿ ಕೊಟ್ಟಿಗೆ ಕಡೆ ಹೋಗುವುದನ್ನೇ ನಿಲ್ಲಿಸಿದ್ದಳು. ಕರು ಕೂಗಿದರೆ ಎದ್ದು ಒಳಗೆ ಹೋಗುವಳು. ಅವರಿಬ್ಬರೂ ಜಗಳವಾಡಿದ್ದರೆ ನನಗೆ ಸುಲಭವಿತ್ತು. ಇವರು ತಟ್ಟೆ ಇಡುವರು, ಅವಳು ಉಣ್ಣುವಳು. ಅವಳು ಕಾಲಿಗೆ ಎಣ್ಣೆ ತಿಕ್ಕುವಳು, ಇವರು ಚಾಚುವರು. ಆ ಸೂಜಿಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮತ್ತೆ ಬೇಸಿಗೆ ಬಂತು, ದನದ ಡಾಕ್ಟ್ರೂ ಬಂದರು. ನಮ್ಮ ಹಸುಗಳದ್ದು ಮುಗಿಯಿತು. ಪಕ್ಕದ ಮನೆಯವರು ತಮ್ಮದನ್ನು ಹಿಡಿದುಕೊಂಡು ಬಂದರು, ಅದು ತುಂಬು ಗಬ್ಬ. "ಇದು ಬೇಡ, ಈದ ಮೇಲೆ," ಅಂದರು ಡಾಕ್ಟ್ರು. ಅತ್ತೆ ಹಗ್ಗ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಯಾಕ್ ಸ್ವಾಮಿ ಗಬ್ಬದ್ದುಕ್ಕೆ ಬ್ಯಾಡ?" ಅಂತ ಕೇಳಿದರು. ಅಷ್ಟು ವರ್ಷದಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು. ಗೊತ್ತಿದೆ ಅಂದುಕೊಂಡದ್ದನ್ನು ಯಾರು ಕೇಳುತ್ತಾರೆ?

ಡಾಕ್ಟ್ರು ಸಿರಿಂಜು ಒರೆಸುತ್ತ, "ನೀವು ಹಿಡಿಯೋ ರೀತಿಗೇ ಅಮ್ಮ," ಅಂದರು. "ಮೂಗುದಾಣ ಎಳೀತೀರಿ, ಹಗ್ಗ ಹಾಕಿ ಕಂಬಕ್ಕೆ ಒತ್ತೀರಿ, ನಾಲ್ಕು ಜನ ಮೇಲೆ ಬೀಳ್ತೀರಿ. ಅದು ಬೆದರಿ ಒದ್ದಾಡ್ತದೆ, ಜಾರಿ ಬೀಳ್ತದೆ. ತುಂಬಿದ ಹೊಟ್ಟೆ ಅಲ್ವಾ, ಆ ಎಳೆದಾಟಕ್ಕೆ ಕಂದು ಹಾಕಿಬಿಡುತ್ತೆ ಅಂತ ಭಯ. ಹೆಚ್ಚಿಗೆ ಅದಕ್ಕೇ ಬಿಡೋದು."

"ಸೂಜೀಗಲ್ವಾ?"

"ಸೂಜಿಗಿಂತ ನಿಮ್ಮ ಹಗ್ಗಕ್ಕೇ ಜಾಸ್ತಿ ಹೆದರ್ತೀನಿ ನಾನು." ನಗುತ್ತಲೇ ಹೇಳಿ ಮುಂದಿನ ಮನೆಗೆ ಹೋದರು. ಅವರಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ.

ಅತ್ತೆಯ ಕೈಯಲ್ಲಿ ಹಗ್ಗ ಹಾಗೇ ಇತ್ತು. ವಾರಗಿತ್ತಿ ಜಗಲಿಯ ಮೇಲೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅಷ್ಟು ಹತ್ತಿರದಲ್ಲಿ ಕೇಳಿಸದೆ ಇರಲು ಸಾಧ್ಯವಿರಲಿಲ್ಲ.

"ಕೇಳುಸ್ಕಂಡಾ?" ಅಂದರು ಅತ್ತೆ, ಅವಳ ಕಡೆ ತಿರುಗದೆ.

"ಊಂ ಅತ್ತೆ."

"ನಾನ್ ಮುಟ್ಟಾಳಿ. ಕೇಳ್ಳೇ ಇಲ್ಲ ಯಾವತ್ತೂ."

ಅವಳು ಒಂದು ಲಂಗ ಮಡಿಸಿ ಇಟ್ಟಳು, ಇನ್ನೊಂದು ಎತ್ತಿಕೊಂಡಳು. "ನಾನೂ ಬ್ಯಾಡ ಅಂದಿದ್ನಲ್ಲ ಅತ್ತೆ. ನೀವೊಬ್ರೇ ಅಲ್ಲ."

ಅತ್ತೆ ಅಲ್ಲೇ ಕಂಬದ ಬುಡದಲ್ಲಿ ಕುಸಿದು ಅತ್ತರು. ಮಗುವನ್ನು ಮಣ್ಣು ಮಾಡಿದ ದಿನವೂ ಅವರು ಹಾಗೆ ಅತ್ತಿರಲಿಲ್ಲವಂತೆ. ವಾರಗಿತ್ತಿ ಎದ್ದು ಬಂದು ಸಮಾಧಾನ ಮಾಡಲಿಲ್ಲ. ಅಷ್ಟು ಅವಳಿಂದ ಆಗಲಿಲ್ಲ, ಆಗಬೇಕು ಅಂತ ನಾನೂ ಅನ್ನುವುದಿಲ್ಲ. ಆದರೆ ಒಳಗೆ ಎದ್ದು ಹೋಗಲೂ ಇಲ್ಲ. ಬಟ್ಟೆ ಮುಗಿಯುವ ತನಕ ಅಲ್ಲೇ ಕೂತಿದ್ದಳು. ಮುಗಿದ ಮೇಲೆ, "ನಾಳೆ ಕೆಜಿಎಫ್‌ಗೆ ಓಗಾನ ಅಕ್ಕ. ಅತ್ತೇಗೆ ಆಕ್ಸ್ಕಂಡ್ ಬರಾನ. ಸಕ್ಕರೆ ಐತಲ್ಲ," ಅಂದಳು.

ಹೋದೆವು. ಲೇಡಿ ಡಾಕ್ಟ್ರು ನಮ್ಮನ್ನು ಗುರುತು ಹಿಡಿದರು. ಅವಳ ಬರಿ ಮಡಿಲು ನೋಡಿದರು, ಮುಖ ನೋಡಿದರು. ನಾನೇ ಎರಡು ಮಾತಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಒರೆಸಿ ಮತ್ತೆ ಹಾಕಿಕೊಂಡು ಅತ್ತೆಯ ತೋಳಿನ ಸೆರಗು ಸರಿಸಿದರು. ಅತ್ತೆಗೆ ಸೂಜಿ ಅಂದರೆ ಭಯವೇ. ಕಣ್ಣು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಗಾಳಿ ತಡಕಾಡಿದರು. ವಾರಗಿತ್ತಿ ಆ ಕೈ ಹಿಡಿದುಕೊಂಡಳು.

"ನಿನಗೂ ಹಾಕ್ಲಾ?" ಅಂದರು ಡಾಕ್ಟ್ರು.

"ನಂಗೀಗ್ಯಾಕೆ ಮೇಡಂ?"

ಡಾಕ್ಟ್ರು ತುಂಬ ಮೆತ್ತಗೆ, "ಮನೇಲಿ ಸಕ್ಕರೆ ಇರೋ ವಯಸ್ಸಾದವರಿದ್ದಾರಲ್ಲಮ್ಮ. ನಿನ್ನಿಂದ ಅವರಿಗೆ ಹೋಗಬಾರದು ಅಂತ. ಅವರಿಗೋಸ್ಕರ," ಅಂದರು.

ಅವಳು ಅತ್ತೆಯನ್ನು ನೋಡಿದಳು. ಅತ್ತೆ ನೆಲ ನೋಡುತ್ತಿದ್ದರು. ಬೇಡ ಅಂದಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ಅವಳು ರವಿಕೆಯ ತೋಳು ತಾನೇ ಮೇಲೆ ಮಡಿಚಿಕೊಂಡು, "ಆಕಿ," ಅಂದಳು. ಅವಳಾದ ಮೇಲೆ ನಾನು ಹಾಕಿಸಿಕೊಂಡೆ. ಗಂಡಸರಿಬ್ಬರನ್ನು ಭಾನುವಾರ ಕಳಿಸುತ್ತೇವೆ ಅಂತ ಹೇಳಿ ಬಂದೆವು.

ಮನೆಗೆ ಬಂದ ಮೇಲೆ ಅತ್ತೆ ತೋಳು ನೋವು ಅಂತ ಗೋಡೆಗೆ ಒರಗಿದರು. ವಾರಗಿತ್ತಿ ಬಿಸಿನೀರಿನ ಬಟ್ಟೆ ಹಿಂಡಿ ಕೊಟ್ಟು, ತಾನೂ ಅದೇ ಗೋಡೆಗೆ ಸ್ವಲ್ಪ ದೂರದಲ್ಲಿ ಒರಗಿದಳು. ಅವಳಿಗೂ ನೋಯುತ್ತಿತ್ತು. ನನಗೂ ನೋಯುತ್ತಿತ್ತು, ಆದರೆ ಬೆಳಗ್ಗೆ ನೆನೆಹಾಕಿ ಹೋಗಿದ್ದ ದೋಸೆಯ ಅಕ್ಕಿ-ಬೇಳೆ ಆಗಲೇ ಹುಳಿ ವಾಸನೆ ಬರುವ ಹಾಗಿತ್ತು. ನೀರು ಬಸಿದು, ಗ್ರೈಂಡರಿನ ಕಲ್ಲು ತೊಳೆದು, ಉದ್ದಿನಬೇಳೆಯನ್ನು ಮೊದಲು ಹಾಕಿದೆ.